ಪೂರ್ಣಾಂಕದ ಮಳೆ

ಫೋರ್ಟ್ರಾನ್ ಎಂಬ ಗಣಕಭಾಷೆಯ ಒಂದು ರೂಪವನ್ನು 'ಫೋರ್ಟ್ರಾನ್ ಎಪ್ಪತ್ತೇಳು' ಎಂದು ಕರೆಯುತ್ತಾರೆ. ಹೆಸರಿನಲ್ಲಿ ಎಪ್ಪತ್ತೇಳು ಇದ್ದರೂ ಅದಕ್ಕೆ ಮಾನಕವೆಂಬ ಮನ್ನಣೆ ದೊರೆತದ್ದು ೧೯೭೮ರಲ್ಲಿ. ಈ ಒಂದು ವರ್ಷದ ವ್ಯತ್ಯಾಸವನ್ನು ಹಲವರು ಲೆಕ್ಕಿಸುವುದಿಲ್ಲ. ನನ್ನ ನೆನಪುಗಳನ್ನು ಕಾಲಕ್ಕೆ ಕಟ್ಟಿಹಾಕಲು ನನಗೆ ಉಳಿದಿರುವ ಕೆಲವೇ ಗೂಟಗಳಲ್ಲಿ ಇದೂ ಒಂದಾದ್ದರಿಂದ ಮೊದಲೇ ಹೇಳಿದ್ದೇನೆ. ನಾನು ಇಲ್ಲಿ ಹೇಳಹೊರಟಿರುವ ಪ್ರೋಗ್ರಾಂ ಈ ರೂಪಕ್ಕಿಂತ ಹಿಂದಿನ, ಇನ್ನೂ ಬಿಗಿಯಾದ ರೂಪದಲ್ಲಿ ಇತ್ತು. ಅದರ ತೂತು ಹಾಕಿದ ರಟ್ಟಿನ ಕಾರ್ಡುಗಳನ್ನು ತುಂಬಿಟ್ಟಿದ್ದ ಪೆಟ್ಟಿಗೆಯ ಮೇಲೆ 'ಮೈಸೂರು ಸರ್ಕಾರ' ಎಂಬ ಅಚ್ಚಿನ ಚೀಟಿ ಇತ್ತು. ರಾಜ್ಯದ ಹೆಸರು ಕರ್ನಾಟಕವಾದದ್ದು ೧೯೭೩ರ ನವೆಂಬರ್ ಒಂದರಂದು. ಆದ್ದರಿಂದ ಪ್ರೋಗ್ರಾಂ ಅದಕ್ಕೂ ಮೊದಲಿನದು ಎಂದು ಬಹಳ ಕಾಲ ನಂಬಿದ್ದೆ. ಆಮೇಲೆ ಹೊಳೆಯಿತು: ಸರ್ಕಾರದ ಹೆಸರು ಬದಲಾದ ದಿನವೇ ಸರ್ಕಾರದ ಪೆಟ್ಟಿಗೆಗಳನ್ನು ಯಾರೂ ಬದಲಾಯಿಸಿರಲಾರರು. ಎಪ್ಪತ್ತರ ದಶಕದ ಪೂರ್ವಾರ್ಧ ಎನ್ನುವುದಕ್ಕಿಂತ ಹೆಚ್ಚಿನದನ್ನು ಈಗ ನಾನು ಖಚಿತವಾಗಿ ಹೇಳಲಾರೆ.

ಮಳೆ ಮತ್ತು ಒಣಬೇಸಾಯದ ಲೆಕ್ಕ ನೋಡುವ ಒಂದು ಚಿಕ್ಕ ಘಟಕ ಆಗ ಕೂಡ್ಲಿಗಿಯಲ್ಲಿತ್ತು. ಎರಡು ಕೋಣೆ, ಒಂದು ಕಬ್ಬಿಣದ ಕಪಾಟು, ಅಂಗಳದಲ್ಲಿ ಎರಡು ಮಳೆಮಾಪಕಗಳು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ನಾಲ್ಕು ತಾಲ್ಲೂಕುಗಳು ನಮ್ಮ ವ್ಯಾಪ್ತಿ. ಇಂದಿನ ನಕ್ಷೆ ಹಿಡಿದು ಓದುವವರು ಕೊಟ್ಟೂರು ಎಲ್ಲಿ ಎಂದು ಕೇಳಬಹುದು. ಕೊಟ್ಟೂರು ಆಗ ತಾಲ್ಲೂಕಾಗಿರಲಿಲ್ಲ, ಕೂಡ್ಲಿಗಿಗೇ ಸೇರಿತ್ತು. ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿಯೇ ಇತ್ತು. ಚಿಗಟೇರಿ, ಬಾಗಳಿ, ಕೋಗಳಿಯಂಥ ಊರುಗಳ ಶಾಲೆಯ ಅಂಗಳಗಳಲ್ಲಿ ಜೋಡಿ ಮಾಪಕಗಳನ್ನು ನೆಟ್ಟಿದ್ದೆವು. ಬೆಳಿಗ್ಗೆ ಎಂಟೂವರೆಗೆ ಅಲ್ಲಿನ ಮಾಸ್ತರರು ಎರಡನ್ನೂ ಓದಿ ಬರೆದಿಡುತ್ತಿದ್ದರು.

ಘಟಕದ ಮುಖ್ಯಸ್ಥರು ಕೊಟ್ಟೂರಿನವರು. ಸಸ್ಯಶಾಸ್ತ್ರ ಓದಿದವರು. ಒಮ್ಮೆ ಅಲ್ಪಾವಧಿಯ ಶಿಬಿರಕ್ಕೆಂದು ಬೆಂಗಳೂರಿಗೆ ಹೋಗಿ ಫೋರ್ಟ್ರಾನ್ ಕಲಿತು ಬಂದಿದ್ದರು. ಮರಳಿ ಬಂದವರೇ ನಮ್ಮ ಭಾಗದ ಮಳೆಯನ್ನೆಲ್ಲ ಲೆಕ್ಕಹಾಕುವ ಪ್ರೋಗ್ರಾಂ ಒಂದನ್ನು ತಾವೇ ಬರೆದರು. ಅದರಲ್ಲಿ ಎರಡು ವಿಶೇಷಗಳಿದ್ದವು. ಮೊದಲನೆಯದು, ಮಳೆಯನ್ನು ಇಂಗ್ಲಿಷ್ ತಿಂಗಳುಗಳಿಗಲ್ಲದೆ ಮಳೆ ನಕ್ಷತ್ರಗಳಿಗೆ ಹಂಚಿದ್ದು: ರೋಹಿಣಿಗೆ ಎಷ್ಟು, ಮೃಗಶಿರಕ್ಕೆ ಎಷ್ಟು, ಆರಿದ್ರೆಗೆ ಎಷ್ಟು ಎಂದು. ಬಿತ್ತುವವರು ಜೂನ್ ಜುಲೈ ನೋಡಿ ಬಿತ್ತುವುದಿಲ್ಲವಾದ್ದರಿಂದ ಇದು ಸರಿಯಾದ ಕ್ರಮವೇ ಆಗಿತ್ತು. ಎರಡನೆಯದು, ಲೆಕ್ಕದ ಗೂಡುಗಳಿಗೆಲ್ಲ ಅವರು ಕನ್ನಡದ ಹೆಸರಿಟ್ಟದ್ದು. ಪ್ರೋಗ್ರಾಂ ಬರೆಯುವಾಗ ಒಂದೊಂದು ಸಂಖ್ಯೆಯನ್ನೂ ಒಂದೊಂದು ಗೂಡಿನಲ್ಲಿಟ್ಟು ಆ ಗೂಡಿಗೊಂದು ಹೆಸರು ಕೊಡಬೇಕು. ಇಂಗ್ಲಿಷಿನವರು ಇಂಗ್ಲಿಷ್ ಹೆಸರು ಕೊಡುತ್ತಾರೆ. ಇವರು ರೋಮನ್ ಲಿಪಿಯಲ್ಲಿ ಮಳೆ, ನೆಲ, ಕೆರೆ, ಜೋಳ, ಹೊಲ, ಬಾವಿ ಎಂದು ಇಟ್ಟರು. ಮಳೆ ಎಂಬುದು ಎಂ, ಎ, ಎಲ್, ಇ ಎಂಬ ನಾಲ್ಕು ಅಕ್ಷರಗಳಾಯಿತು. ಹೊಸಬರು ಯಾರು ಬಂದರೂ ಕಪಾಟಿನಿಂದ ಪ್ರೋಗ್ರಾಮಿನ ಅಚ್ಚುಪ್ರತಿ ತೆಗೆದು ತೋರಿಸಿ, ಯಂತ್ರಕ್ಕೆ ಕನ್ನಡ ಕಲಿಸಿದವನು ತಾನು ಎಂದು ಹೇಳಿಕೊಳ್ಳುತ್ತಿದ್ದರು. ಅದರಲ್ಲಿ ಜಂಬಕ್ಕಿಂತ ಪ್ರೀತಿ ಹೆಚ್ಚಿತ್ತು.

ನಾನು ಆ ಘಟಕಕ್ಕೆ ಸಹಾಯಕ ಸಂಶೋಧಕಿಯಾಗಿ ಸೇರಿದ್ದು ತುರ್ತು ಪರಿಸ್ಥಿತಿ ಹಿಂತೆಗೆದ ಮೇಲೆ. ಸೇರಿದ ಮೊದಲ ವರ್ಷದಲ್ಲೇ ಅವರು ನನಗೆ ಫೋರ್ಟ್ರಾನ್ ಕಲಿಸಿದರು. ಗಣಿತ ಓದಿದ್ದರಿಂದ ಬೇಗ ಬಂತು. ಮುಂದಿನ ಮಳೆಗಾಲದ ಹೊತ್ತಿಗೆ ಅವರು ಪ್ರೋಗ್ರಾಮನ್ನು ಪೂರ್ತಿ ನನಗೇ ಬಿಟ್ಟರು. ಆ ನಾಲ್ಕು ತಾಲ್ಲೂಕುಗಳಲ್ಲಿ ಆ ಭಾಷೆ ಬಲ್ಲವರು ಆಗ ನಾವಿಬ್ಬರೇ ಎಂದು ನನ್ನ ತಿಳಿವಳಿಕೆ. ಇದಕ್ಕೆ ದಾಖಲೆಯಿಲ್ಲ.

ಕೆಲಸ ಹೀಗೆ ನಡೆಯುತ್ತಿತ್ತು. ಸ್ವಾತಿ ಮಳೆ ಮುಗಿದ ಮೇಲೆ ಎಲ್ಲ ಊರುಗಳ ಅಂಕಿಗಳನ್ನು ಚೌಕಳಿ ಹಾಳೆಗಳಲ್ಲಿ ತುಂಬಿಕೊಂಡು, ಚಿತ್ರದುರ್ಗದ ಮೇಲೆ ಹೋಗುವ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಬೇಕು. ಅಲ್ಲಿನ ಗಣಕ ಕೇಂದ್ರದಲ್ಲಿ ಪಂಚ್ ಆಪರೇಟರುಗಳು ಅಂಕಿಗಳನ್ನು ಕಾರ್ಡುಗಳಲ್ಲಿ ತೂತು ಹಾಕಿ ಕೊಡುತ್ತಿದ್ದರು. ಅಂಕಿಯ ಕಾರ್ಡುಗಳ ಮೇಲೆ ಪ್ರೋಗ್ರಾಮಿನ ಕಾರ್ಡುಗಳನ್ನಿಟ್ಟು, ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು, ಸರದಿ ಬರುವ ತನಕ ಕಾಯಬೇಕು. ಒಂದು ಕಾರ್ಡಿನಲ್ಲಿ ಎಂಬತ್ತು ಕಾಲಂಗಳು. ಮೊದಲ ಐದು ಸಾಲಿನ ಸಂಖ್ಯೆಗೆ ಮೀಸಲು, ಆರನೆಯದು ಹಿಂದಿನ ಸಾಲು ಮುಂದುವರಿದಿದೆ ಎಂದು ಹೇಳಲು. ಮಾತು ಏಳನೆಯದರಿಂದ ಆರಂಭವಾಗಿ ಎಪ್ಪತ್ತೆರಡರೊಳಗೆ ಮುಗಿಯಬೇಕು. ಅದರಾಚೆ ಬರೆದದ್ದನ್ನು ಯಂತ್ರ ಓದುವುದೇ ಇಲ್ಲ. ಬೇಲಿಯೊಳಗೆ ಮಾತಾಡುವುದನ್ನು ನಾನು ಆ ಕಾರ್ಡುಗಳಿಂದ ಕಲಿತೆ.

ಹಡಗಲಿಯಲ್ಲಿದ್ದ ನನ್ನ ತಂದೆಗೆ ಈ ನೌಕರಿ ಬಹಳ ಹಿಡಿಸಿತ್ತು. ಸರ್ಕಾರಿ ಕೆಲಸ, ಊರಿನ ಹತ್ತಿರ, ಶನಿವಾರ ಬಸ್ಸು ಹತ್ತಿದರೆ ಮನೆಯ ಊಟ. ನನಗೋ ಅಲ್ಲಿ ಓದಲು ಒಂದು ಪತ್ರಿಕೆಯೂ ಬರುತ್ತಿರಲಿಲ್ಲ. ಮಳೆಯ ಅಂಕಿಗಳನ್ನು ಕೂಡಿಸುವುದಕ್ಕಿಂತ ಅವು ಏಕೆ ಹಾಗಿವೆ ಎಂದು ಕೇಳುವ ಕಡೆಗೆ ಮನಸ್ಸು ಎಳೆಯುತ್ತಿತ್ತು. ಉತ್ತರ ಭಾರತದ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದೆ. ವಾಯುಮಂಡಲದ ಅಧ್ಯಯನಕ್ಕೆ ಅಲ್ಲಿ ಸಂಶೋಧನೆಯ ಸ್ಥಾನ ದೊರೆಯಿತು. ಜನವರಿಯಲ್ಲಿ ಸೇರಬೇಕು, ಈ ಕಚೇರಿಯಿಂದ ಬಿಡುಗಡೆಯ ಆದೇಶ ತರಬೇಕು. ಮುಖ್ಯಸ್ಥರಿಗೆ ಹೇಳಿದಾಗ ಅವರು ಮುಖ ಸಣ್ಣದು ಮಾಡಲಿಲ್ಲ.

"ಸ್ವಾತಿ ಮಳಿ ಮುಗೀಲಿ ತಾಯಿ," ಎಂದರು. "ಈ ವರ್ಷದ ಲೆಕ್ಕ ಒಂದು ಮುಗಿಸಿಕೊಡ್ರಿ. ಆಮ್ಯಾಲ ನಿಮ್ಮನ್ನ ಹಿಡಿಯಾವ್ರು ಯಾರು?"

ಆ ವರ್ಷದ ಉತ್ತರೆ ಮಳೆಯಲ್ಲಿ, ಎಂದರೆ ಸೆಪ್ಟೆಂಬರಿನ ದ್ವಿತೀಯಾರ್ಧದಲ್ಲಿ, ನಾನು ಕೋಗಳಿಗೆ ಹೋಗಿದ್ದೆ. ಅಲ್ಲಿನ ಮಾಸ್ತರರು ರಜೆಯಲ್ಲಿದ್ದರು. ಮಾಪಕಗಳನ್ನು ನಾನೇ ಓದಬೇಕಾಗಿತ್ತು. ಹಿಂದಿನ ಮಧ್ಯಾಹ್ನ ಹಳೆಯ ಬಸದಿಯ ಹತ್ತಿರ ನಡೆದು ಹೋಗುತ್ತಿದ್ದಾಗ ಮಳೆ ಹಿಡಿಯಿತು. ಬಸದಿಯ ಕಂಬಗಳ ನೆರಳು ಸೇರುವಷ್ಟರಲ್ಲಿ ಸೀರೆ ಪೂರ್ತಿ ನೆನೆದಿತ್ತು. ಮರುದಿನ ಬೆಳಿಗ್ಗೆ ಓದಿದಾಗ ಎರಡು ಮಾಪಕಗಳ ಸರಾಸರಿ ಎರಡು ದಶಾಂಶ ಎಂಟು ಮಿಲಿಮೀಟರ್ ಬಂತು. ಎರಡೂವರೆ ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಅದನ್ನು ಮಳೆಯ ದಿನ ಎಂದು ಎಣಿಸುವುದು ನಮ್ಮ ಶಾಸ್ತ್ರದ ವಾಡಿಕೆ. ಅದಕ್ಕಿಂತ ಕಡಿಮೆಯಾದರೆ ಅದು ಒಣ ದಿನ. ಆದ್ದರಿಂದ ಅದು ಮಳೆಯ ದಿನವೇ. ಕಫ ಕಟ್ಟಿ ವಾರ ಮಲಗಿದ್ದರಿಂದ ಆ ದಿನ ನನಗೆ ಮರೆಯುವಂತಿರಲಿಲ್ಲ.

ಸ್ವಾತಿ ಮುಗಿಯಿತು. ಬೆಂಗಳೂರಿಗೆ ಹೋದೆ. ಅಚ್ಚಾಗಿ ಬಂದ ಪಟ್ಟಿಯಲ್ಲಿ ಮೊದಲು ಕೋಗಳಿಯನ್ನೇ ನೋಡಿದೆ, ಯಾಕೆಂದು ಹೇಳಲಾರೆ. ಉತ್ತರೆಯ ಸಾಲಿನಲ್ಲಿ ನಾನು ನೆನೆದ ದಿನಕ್ಕೆ ಒಣ ದಿನವೆಂಬ ಗುರುತಿತ್ತು.

ಕಾರ್ಡಿನಲ್ಲಿ ಅಂಕಿ ತಪ್ಪಿರಬೇಕೆಂದು ಪಂಚ್ ಕೋಣೆಗೆ ಹೋದೆ. ಅಲ್ಲಿನ ಆಪರೇಟರ್ ನನ್ನದೇ ವಯಸ್ಸಿನವಳು, ಬೆಂಗಳೂರಿನ ಹುಡುಗಿ. ಅವಳು ಅಂಕಿಯ ಕಾರ್ಡನ್ನು ಬೆಳಕಿಗೆ ಹಿಡಿದು ಓದಿದಳು. ಎರಡು ಮಾಪಕಗಳ ಅಂಕಿಗಳೂ ಸರಿಯಾಗಿದ್ದವು. ಪ್ರೋಗ್ರಾಮಿನ ಕಾರ್ಡುಗಳನ್ನೂ ನೋಡಿಬಿಡೋಣ ಎಂದು ಒಂದೊಂದೇ ತಿರುವುತ್ತ, ಮಳೆಯ ಹೆಸರಿದ್ದ ಕಾರ್ಡು ಬಂದಾಗ ನಕ್ಕಳು.

"ಏನ್ ಮೇಡಂ, ನಿಮ್ಮೂರಲ್ಲಿ ಬರೀ ಗಂಡಸರೇನಾ? ಯಾವ ಕಾರ್ಡ್ ತೆಗೆದ್ರೂ ಮೇಲ್, ಮೇಲ್, ಮೇಲ್. ಒಂದು ಹೆಂಗಸೂ ಇಲ್ಲ."

ಅವಳು ಆ ನಾಲ್ಕು ಅಕ್ಷರಗಳನ್ನು ಇಂಗ್ಲಿಷಾಗಿ ಓದಿದ್ದಳು. ನಾನೂ ನಕ್ಕೆ. ನಗುತ್ತಲೇ ಆ ಹೆಸರನ್ನು ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ಕನ್ನಡವಾಗಿಯಲ್ಲದೆ ಬರೀ ಅಕ್ಷರಗಳಾಗಿ ನೋಡಿದೆ. ಮೊದಲ ಅಕ್ಷರ ಎಂ.

ಇದನ್ನು ಗಣಕ ತಿಳಿಯದವರಿಗೆ ವಿವರಿಸಬೇಕು. ಫೋರ್ಟ್ರಾನಿನಲ್ಲಿ ಒಂದು ಗೂಡು ಎಂಥ ಸಂಖ್ಯೆಯನ್ನು ಹಿಡಿಯುತ್ತದೆ ಎಂಬುದನ್ನು ಅದರ ಹೆಸರಿನ ಮೊದಲ ಅಕ್ಷರವೇ ನಿರ್ಣಯಿಸುತ್ತದೆ. ಐ, ಜೆ, ಕೆ, ಎಲ್, ಎಂ, ಎನ್ ಈ ಆರರಲ್ಲಿ ಒಂದರಿಂದ ಹೆಸರು ಆರಂಭವಾದರೆ ಆ ಗೂಡಿನಲ್ಲಿ ಪೂರ್ಣಾಂಕ ಮಾತ್ರ ಉಳಿಯುತ್ತದೆ. ದಶಮಾಂಶದ ಭಾಗ ಸದ್ದಿಲ್ಲದೆ ಉದುರಿಹೋಗುತ್ತದೆ. ಹತ್ತಿರದ ಅಂಕಿಗೆ ಏರಿಸುವುದೂ ಇಲ್ಲ, ಕತ್ತರಿಸುತ್ತದೆ ಅಷ್ಟೆ. ಉಳಿದ ಅಕ್ಷರಗಳಿಂದ ಆರಂಭವಾದರೆ ದಶಮಾಂಶ ಉಳಿಯುತ್ತದೆ. ಗಣಿತಜ್ಞರು ಎಣಿಕೆಗೆ ಐ, ಜೆ, ಕೆ ಬಳಸುವ ರೂಢಿಯಿಂದ ಬಂದ ಕಟ್ಟಳೆ ಇದು. ಇಂಗ್ಲಿಷಿನಲ್ಲಿ ಮಳೆಯ ಹೆಸರು ಆರ್ ಅಕ್ಷರದಿಂದ ಆರಂಭವಾಗುತ್ತದೆ, ಅವರಿಗೆ ತೊಂದರೆಯಿಲ್ಲ. ನಮ್ಮ ಮಳೆ ಎಂ ಅಕ್ಷರದ್ದು. ಎರಡು ಮಾಪಕಗಳ ಸರಾಸರಿ ಎರಡು ದಶಾಂಶ ಎಂಟು ಎಂದು ಬಂದು, ಮಳೆಯ ಗೂಡಿಗೆ ಇಳಿದು, ಬರೀ ಎರಡಾಗಿ ಕೂತಿತ್ತು. ಎರಡು ಎಂಬುದು ಎರಡೂವರೆಗಿಂತ ಕಡಿಮೆ. ಒಣ ದಿನ.

ಮಳೆ ಬಂದ ಒಂದೊಂದು ದಿನವೂ ಹೀಗೆ ಸರಾಸರಿ ಅರ್ಧ ಮಿಲಿಮೀಟರಿನಷ್ಟು ಸೋರಿತ್ತು. ಅಚ್ಚಿನಲ್ಲಿ ಎಲ್ಲವೂ ಪೂರ್ಣಾಂಕಗಳಾಗಿ ಬರುತ್ತಿದ್ದುದನ್ನು ನಾವು ಅಂದಕ್ಕೆಂದು ಮಾಡಿದ್ದು ಎಂದುಕೊಂಡಿದ್ದೆವು. ಹೆಚ್ಚು ಮಳೆಯ ನಾಡಿನಲ್ಲಾಗಿದ್ದರೆ ಈ ಸೋರಿಕೆ ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ. ನಮ್ಮಲ್ಲಿ ಹನಿಹನಿಯಾಗಿ ಬರುವುದೇ ಬಹಳ. ಅದಕ್ಕಿಂತ ಮುಖ್ಯವಾಗಿ, ಎರಡು ಮಳೆಗಳ ನಡುವೆ ಒಣ ದಿನಗಳ ಸಾಲು ಎಷ್ಟು ಉದ್ದ ಎಂಬುದರ ಮೇಲೆ ಘಟಕದ ವರದಿಗಳು ನಿಂತಿದ್ದವು. ಸಜ್ಜೆಯನ್ನು ಯಾವ ಮಳೆಗೆ ಬಿತ್ತಬೇಕು, ಶೇಂಗಾ ಯಾವ ಮಳೆಯ ತನಕ ತಡೆಯಬಹುದು ಎಂಬ ಸಲಹೆಗಳು ಅವುಗಳಿಂದ ಹೊರಟಿದ್ದವು. ಒಣ ದಿನಗಳ ಸಾಲುಗಳು ಇದ್ದದ್ದಕ್ಕಿಂತ ಉದ್ದವಾಗಿ ಕಂಡಿದ್ದವು.

ಮರಳುವ ಬಸ್ಸಿನಲ್ಲಿ ನನ್ನ ಸ್ಥಿತಿ ನನಗೆ ಸ್ಪಷ್ಟವಾಯಿತು. ನಾನು ಹೇಳದಿದ್ದರೆ ಪಟ್ಟಿಯನ್ನು ಮೇಜಿನ ಮೇಲಿಟ್ಟು ಬಿಡುಗಡೆಯ ಆದೇಶ ಹಿಡಿದು ಹೊರಡಬಹುದು. ಹೇಳಿದರೆ ಹಿಂದಿನ ಎಲ್ಲ ವರ್ಷಗಳ ಲೆಕ್ಕವನ್ನೂ ಮತ್ತೆ ಮಾಡಬೇಕು. ಮುಖ್ಯಸ್ಥರಿಗೆ ಆಗಲೇ ಕಣ್ಣಿನ ಪೊರೆ ಬಂದಿತ್ತು, ಕಾರ್ಡು ಓದುವುದನ್ನು ಬಿಟ್ಟಿದ್ದರು. ಮಾಡಬಲ್ಲವಳು ನಾನೊಬ್ಬಳೇ. ಹಿರಿಯೂರು ದಾಟುವಷ್ಟರಲ್ಲಿ ಹೇಳುವುದೆಂದು ನಿರ್ಧಾರವಾಗಿತ್ತು. ಅದನ್ನು ಧೈರ್ಯ ಎನ್ನಲಾರೆ. ಒಣ ದಿನವೆಂದು ಅಚ್ಚಾದ ದಿನದಲ್ಲಿ ನಾನು ನೆನೆದಿದ್ದೆ, ಅಷ್ಟೇ. ಮಳೆ ಆಗಿಲ್ಲ ಎಂದು ಸಹಿ ಮಾಡುವುದು ನನ್ನಿಂದ ಆಗುತ್ತಿರಲಿಲ್ಲ.

ಮರುದಿನ ಅವರ ಮೇಜಿನ ಮೇಲೆ ಆ ಒಂದು ಕಾರ್ಡನ್ನಿಟ್ಟು ವಿವರಿಸಿದೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

"ನಾ ಇಟ್ಟ ಹೆಸರಿನಾಗ ದೋಷ ಐತಿ ಅಂತೀರಿ."

"ಹೆಸರಿನಾಗಲ್ರಿ ಸರ್. ಅದರ ಮೊದಲನೇ ಅಕ್ಷರದಾಗ."

"ಎರಡೂ ಒಂದೇ ತಾಯಿ. ಕೂಸಿಗೆ ಹೆಸರಿಡಬೇಕಾರ ನಕ್ಷತ್ರ ನೋಡಿ ಅಕ್ಷರ ತೆಗೀತೀವಿ. ಇಪ್ಪತ್ತೇಳು ನಕ್ಷತ್ರ ಲೆಕ್ಕಕ್ಕ ಹಚ್ಚಿದಾವ ನಾನು, ಅಕ್ಷರ ನೋಡ್ಲೇ ಇಲ್ಲ ನೋಡ್ರಿ." ಆಮೇಲೆ ಕೇಳಿದರು: "ಹೊಲ?"

"ಹೊಲ ಉಳದೈತ್ರಿ. ಎಚ್ ಅಕ್ಷರ."

"ಬಾವಿ?"

"ಬಾವಿನೂ ಉಳದೈತಿ."

"ಕೆರಿ?"

"ಕೆರಿ ಹೋತ್ರಿ. ಜೋಳನೂ ಹೋತು."

"ಮಳಿ, ಕೆರಿ, ಜೋಳ, ನೆಲ," ಎಂದು ಬೆರಳು ಮಡಿಸಿದರು. "ನಮ್ಮದು ಅಂಬೋದೆಲ್ಲ ಆ ಆರು ಅಕ್ಷರದಾಗ ಸಿಕ್ಕೊಂಡಾವು."

ಆಮೇಲೆ ಅವರು ತಮ್ಮ ವಾದ ಹೇಳಿದರು. ಅದು ಮೂರ್ಖವಾದವಲ್ಲ, ಇಂದಿಗೂ ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಅದೇ ವಾದ ನಡೆಯುತ್ತದೆ. ಈ ವರ್ಷ ಮಾತ್ರ ಸರಿಮಾಡಿದರೆ ಹಿಂದಿನ ವರ್ಷಗಳಿಗಿಂತ ಮಳೆ ಹೆಚ್ಚಿದಂತೆ ಸುಳ್ಳು ಚಿತ್ರ ಬರುತ್ತದೆ. ಹಾಗೆಯೇ ಬಿಟ್ಟರೆ ಎಲ್ಲ ವರ್ಷಗಳಲ್ಲೂ ಒಂದೇ ತಪ್ಪಿರುತ್ತದೆ, ಒಂದಕ್ಕೊಂದು ಹೋಲಿಸಲು ಅಡ್ಡಿಯಿಲ್ಲ. ತಪ್ಪೇ ಆದರೂ ಒಂದೇ ಅಳತೆಯ ತಪ್ಪಿರಲಿ ಎಂದರು. ಬಿತ್ತುವವರು ವರ್ಷಗಳನ್ನು ಹೋಲಿಸುವುದಿಲ್ಲ, ಈ ಮಳೆಗೆ ಬಿತ್ತಲೋ ಮುಂದಿನದಕ್ಕೋ ಎಂದು ಕೇಳುತ್ತಾರೆ ಎಂದು ನಾನು ಹೇಳಿದೆ. ಅವರು ಒಪ್ಪಿದರು. ಒಪ್ಪಿದ ಮೇಲೆ ಕೋಣೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ.

"ಹಂಗಾರ ಹಿಂದಿಂದೆಲ್ಲಾ ತಿರುಗಿ ಮಾಡಬೇಕು."

"ಹೌದ್ರಿ."

"ಯಾರು ಮಾಡ್ತಾರ ತಾಯಿ?"

ನಾನು ಮೇಜಿನ ಮೇಲಿದ್ದ ಕಾರ್ಡನ್ನು ಎತ್ತಿಕೊಂಡೆ. ಅವರು ಎರಡನೆಯ ಸಲ ಕೇಳಲಿಲ್ಲ.

ತಿದ್ದುಪಡಿಗೆ ಒಂದೇ ಒಂದು ಕಾರ್ಡು ಸಾಕಾಗಿತ್ತು. ಹೆಸರಿನ ಮುಂದೆ ಬೇರೊಂದು ಅಕ್ಷರ ಸೇರಿಸುವುದು ಆ ಕಾಲದ ವಾಡಿಕೆ. ಮಳೆಗೆ ಇಂಗ್ಲಿಷಿನ ಕೋಡು ಹಚ್ಚುವುದು ಬೇಡ ಎಂದು ಅವರು ಹಟಹಿಡಿದರು. ಇನ್ನೊಂದು ದಾರಿಯೂ ಇತ್ತು: ಈ ಈ ಹೆಸರುಗಳು ಎಂ, ಎನ್, ಕೆ, ಜೆ ಅಕ್ಷರದವಾದರೂ ಇವು ದಶಮಾಂಶವನ್ನು ಉಳಿಸಿಕೊಳ್ಳತಕ್ಕವು ಎಂದು ಪ್ರೋಗ್ರಾಮಿನ ನೆತ್ತಿಯ ಮೇಲೆ ಒಂದು ಸಾಲು ಘೋಷಿಸುವುದು. ಹಾಗೆಯೇ ಮಾಡಿದೆ. ಹಿಂದಿನ ವರ್ಷಗಳ ಅಂಕಿಯ ಕಾರ್ಡುಗಳನ್ನು ತೆಗೆದರೆ ಅರ್ಧಕ್ಕರ್ಧ ಗೆದ್ದಲು ತಿಂದಿದ್ದವು. ಮಾಸ್ತರರು ಬರೆದಿಟ್ಟ ಮೂಲ ಅಂಕಿಗಳನ್ನು ಊರೂರಿಂದ ತರಿಸಿ ಮತ್ತೆ ಹಾಳೆ ತುಂಬಬೇಕಾಯಿತು.

ಮೇಲಿನ ಕಚೇರಿಗೆ ಅವರು ಬರೆದ ವರದಿಯಲ್ಲಿ ದೋಷ ತಮ್ಮದೆಂದು ಸ್ಪಷ್ಟವಾಗಿ ಒಪ್ಪಿಕೊಂಡಿದ್ದರು. ಅದು ಸಣ್ಣ ಮಾತಲ್ಲ, ಅವರ ನಿವೃತ್ತಿಗೆ ಹೆಚ್ಚು ಕಾಲವಿರಲಿಲ್ಲ. ದೋಷವನ್ನು ಕಂಡುಹಿಡಿದವಳು ನಾನೆಂದೂ, ಅದನ್ನು ತಿದ್ದಲು ನಾನು ಅನಿವಾರ್ಯಳೆಂದೂ ಬರೆದರು. ಸಹಿ ಮಾಡುವ ಮೊದಲು ನನಗೆ ಓದಿ ಹೇಳಿ, "ನಿಮ್ಮನ್ನ ಚಲೋತ್ನಾಗ ಹೊಗಳೀನಿ ನೋಡ್ರಿ," ಎಂದರು. ಅವರ ಕಣ್ಣಲ್ಲಿ ಕಪಟವಿರಲಿಲ್ಲ. ಅನಿವಾರ್ಯಳು ಎಂಬ ಆ ಪದ ನನ್ನ ಸೇವಾಪುಸ್ತಕದೊಳಗೆ ಹೋಯಿತು. ಅದನ್ನು ಅಲ್ಲಿಂದ ತೆಗೆಯಲು ಸಾಧ್ಯವಿರುವ ಅಧಿಕಾರಿ ಯಾರೂ ಇರಲಿಲ್ಲ.

ಬಿಡುಗಡೆಯ ಆದೇಶ ಸಿಗಲಿಲ್ಲ. ವಿಶ್ವವಿದ್ಯಾಲಯ ಒಮ್ಮೆ ಅವಧಿ ಮುಂದೂಡಿತು. ಎರಡನೆಯ ಸಲ ಸ್ಥಾನವನ್ನು ಬೇರೆಯವರಿಗೆ ಕೊಟ್ಟಿರುವುದಾಗಿ ವಿನಯದಿಂದ ತಿಳಿಸಿತು. ಮರುಲೆಕ್ಕ ಮುಗಿಯಲು ಎರಡು ಮಳೆಗಾಲ ಹಿಡಿದಿತ್ತು. ಹಡಗಲಿಗೆ ಹೋದಾಗ ತಂದೆ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿಸಿ, "ಚಲೋನೇ ಆತು ಬಿಡವ್ವ, ಮನಿ ಹತ್ರನ ಅದೀಯಲ್ಲ," ಎಂದರು.

ಮುಖ್ಯಸ್ಥರು ನಿವೃತ್ತರಾದರು. ಹೊಸದಾಗಿ ಬಂದವರು ಬಳ್ಳಾರಿಯವರು, ಆಡಳಿತದಲ್ಲಿ ಪಳಗಿದವರು, ಯಂತ್ರದ ಸುದ್ದಿಗೆ ಹೋಗದವರು. ಅವರಿಗೆ ನಾನು ಎರಡು ಮನವಿ ಮಾಡಿದೆ. ಮೊದಲನೆಯದು, ಎಪ್ಪತ್ತೇಳು ಎಂಬ ಹೆಸರಿನ ಹೊಸ ರೂಪದಲ್ಲಿ ಪ್ರೋಗ್ರಾಮನ್ನು ಮತ್ತೆ ಬರೆದು, ಯಾರು ಬೇಕಾದರೂ ಓದಿ ತಿಳಿಯುವ ಹಾಗೆ ಮಾಡುತ್ತೇನೆ ಎಂದು. ನಡೆಯುವುದನ್ನು ಮುಟ್ಟುವುದು ಬೇಡ ಎಂದರು. ಮುಟ್ಟಿದ್ದಕ್ಕೇ ಹಿಂದಿನ ಸಲ ಎರಡು ವರ್ಷ ಹೋಯಿತಲ್ಲ ಎಂಬುದು ಅವರ ತರ್ಕ. ಎರಡನೆಯದು, ಒಬ್ಬರನ್ನು ಕೊಡಿ, ಕಲಿಸಿ ಬಿಟ್ಟು ಹೋಗುತ್ತೇನೆ ಎಂದು. ಇದಕ್ಕೆ ಒಪ್ಪಿದರು.

ಬಂದವರು ಹರಪನಹಳ್ಳಿಯ ಒಬ್ಬ ಪದವೀಧರರು, ಸೌಮ್ಯ ಸ್ವಭಾವದವರು, ಚುರುಕು. ಐ ಇಂದ ಎನ್ ತನಕದ ಕಟ್ಟಳೆಯನ್ನು ಮೊದಲ ದಿನವೇ ಹೇಳಿಕೊಟ್ಟೆ. ಒಂದು ವರ್ಷದಲ್ಲಿ ಅವರು ನನ್ನಷ್ಟೇ ಬಲ್ಲವರಾದರು. ನನ್ನ ಎದೆ ಹಗುರಾಯಿತು, ಇನ್ನೊಂದು ವಿಶ್ವವಿದ್ಯಾಲಯಕ್ಕೆ ಬರೆದುಕೊಂಡೆ. ಅಷ್ಟರಲ್ಲಿ ಬೆಂಗಳೂರಿನ ಒಂದು ಕಚೇರಿ ಫೋರ್ಟ್ರಾನ್ ಬಲ್ಲವರು ಬೇಕೆಂದು ಇಲಾಖೆಯೊಳಗೆ ವಿಚಾರಿಸಿತು. ನಾನು ಕಲಿಸಿದವರ ಸೇವಾಪುಸ್ತಕದಲ್ಲಿ ಯಾವ ಹೊಗಳಿಕೆಯೂ ಇರಲಿಲ್ಲ. ಒಂದೇ ವಾರದಲ್ಲಿ ಅವರಿಗೆ ಬಿಡುಗಡೆ ಸಿಕ್ಕಿತು. ಹೊರಡುವ ದಿನ ನನ್ನ ಮೇಜಿನ ಮೇಲೆ ಪೇಡೆಯ ಪೊಟ್ಟಣ ಇಟ್ಟರು.

"ಅಕ್ಕಾರೆ, ನೀವು ಕಲಿಸಿದ್ದಕ್ಕೆ ನನ್ನ ಬಾಳೇ ತೆರೀತು ನೋಡ್ರಿ," ಎಂದರು.

ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಹೊಸ ಮುಖ್ಯಸ್ಥರ ಬಳಿ ಹೋಗಿ ಇನ್ನೊಬ್ಬರನ್ನು ಕೊಡಿ ಎಂದೆ.

"ನೀವು ಕಲಿಸ್ತೀರಿ, ಕಲ್ತಾವ್ರು ಹೊಕ್ಕಾರ. ಇದೊಂದು ಸಾಲಿ ಆತೇನ್ರಿ ಮೇಡಂ, ಕಲ್ತಾವ್ರು ಪಾಸಾಗಿ ಹೋಗಾದು, ಮಾಸ್ತರು ಅಲ್ಲೇ ಕುಂಡ್ರಾದು?" ಎಂದು ನಕ್ಕರು.

ಇಲ್ಲಿ ಆ ಭಾಷೆಯ ಬಗ್ಗೆ ಒಂದು ಮಾತು ಹೇಳಬೇಕು. ೧೯೫೭ರಲ್ಲಿ ಬಳಕೆಗೆ ಬಂದ ಅದು ಎಂಬತ್ತರ ದಶಕದಲ್ಲೇ ಮುದಿಯಾಯಿತೆಂದು ನನ್ನ ಸಮಕಾಲೀನರು ಬರೆದರು. ಹೊಸ ಭಾಷೆಗಳು ಬಂದವು. ಕಾರ್ಡುಗಳು ಹೋಗಿ ಟೇಪು ಬಂತು, ಟೇಪು ಹೋಗಿ ಪರದೆ ಬಂತು. ಆ ದಶಕದ ಕೊನೆಯಲ್ಲಿ ನಾನು ಮೊದಲ ಸಲ ಪರದೆಯ ಮುಂದೆ ಕೂತಾಗಲೂ ನಮ್ಮ ಪ್ರೋಗ್ರಾಮಿನ ಪ್ರತಿ ಸಾಲಿನಲ್ಲಿ ಮೊದಲ ಆರು ಜಾಗಗಳನ್ನು ಬಿಟ್ಟೇ ಬರೆಯಬೇಕಾಗಿತ್ತು. ಕಾರ್ಡೇ ಇರಲಿಲ್ಲ, ಕಾರ್ಡಿನ ಬೇಲಿ ಇತ್ತು. ಇಂದು ಹವಾಮಾನದ ಮುನ್ಸೂಚನೆ ಲೆಕ್ಕಹಾಕುವ ಬೃಹತ್ ಗಣಕಗಳ ಒಳಗೂ ಬಹುಪಾಲು ಅದೇ ಭಾಷೆ ದುಡಿಯುತ್ತಿದೆ. ಅದರ ಇತ್ತೀಚಿನ ಮಾನಕಗಳಲ್ಲೂ ಆ ಆರು ಅಕ್ಷರಗಳ ಕಟ್ಟಳೆ ಉಳಿದಿದೆ, ಬೇಡವೆಂದು ಒಂದು ಸಾಲು ಬರೆಯದಿದ್ದರೆ ತಾನಾಗಿಯೇ ಜಾರಿಯಾಗುತ್ತದೆ. ಅದನ್ನು ಪರಿಶೀಲಿಸಿಯೇ ಬರೆಯುತ್ತಿದ್ದೇನೆ. ಒಂದು ವಸ್ತು ಬಾಳುವುದು ಅದು ಶ್ರೇಷ್ಠವೆಂಬ ಕಾರಣದಿಂದ ಮಾತ್ರವಲ್ಲ. ಅದರ ಮೇಲೆ ಕಟ್ಟಿದ್ದನ್ನು ಇಳಿಸಲು ಯಾರಿಗೂ ಬಿಡುವಿಲ್ಲ, ಇಳಿಸಬಲ್ಲವರನ್ನು ಅದರ ಕೆಳಗೇ ನಿಲ್ಲಿಸಿರುತ್ತಾರೆ.

ಎರಡನೆಯ ವಿಶ್ವವಿದ್ಯಾಲಯ ನನಗೆ ಸ್ಥಾನ ಕೊಡಲು ಒಪ್ಪಿತು. ವಯೋಮಿತಿ ಮೀರಲು ಆಗ ಒಂದೇ ವರ್ಷ ಉಳಿದಿತ್ತು. ಅಲ್ಲಿಂದ ಒಂದು ಪ್ರಮಾಣಪತ್ರ ಬಯಸಿದರು: ಈಗಿರುವ ಕೆಲಸಕ್ಕೆ ನಾನು ಅನಿವಾರ್ಯಳಲ್ಲವೆಂದು ಕಚೇರಿಯ ಮುಖ್ಯಸ್ಥರು ಬರೆದುಕೊಡಬೇಕು. ಹಿಂದೆ ನನ್ನ ಬಿಡುಗಡೆ ನಿಂತುಹೋದದ್ದು ಅವರಿಗೆ ತಿಳಿದಿತ್ತು. ಹೊಸ ಮುಖ್ಯಸ್ಥರು ಕಾಗದ ಓದಿ, ತಮಗೆ ಅಡ್ಡಿಯಿಲ್ಲವೆಂದರು. ಅವರಿಗೆ ನನ್ನ ಬಗ್ಗೆ ಕನಿಕರ ಹುಟ್ಟಿತ್ತೆಂದು ತೋರುತ್ತದೆ.

"ನೀವ ಬರಕೊಂಡ್ ಬರ್ರಿ ಮೇಡಂ. ನಿಮಗಿಂತ ಚಲೋ ಯಾರು ಬರೀತಾರ? ನಾ ಓದೂದೂ ಇಲ್ಲ, ಸಹಿ ಹಾಕ್ತೀನಿ."

ಒಳಕೋಣೆಗೆ ಹೋಗಿ ಕಚೇರಿಯ ಮುದ್ರೆಯ ಹಾಳೆ ತೆಗೆದುಕೊಂಡು ಕೂತೆ. ಬರೆಯಬೇಕಾಗಿದ್ದದ್ದು ಒಂದು ವಾಕ್ಯ: ಇವರಿಲ್ಲದೆಯೂ ಈ ಘಟಕದ ಲೆಕ್ಕದ ಕೆಲಸ ಯಥಾಪ್ರಕಾರ ನಡೆಯುತ್ತದೆ. ಅಷ್ಟು ಬರೆದರೆ ಆಯಿತು. ಕಪಾಟಿನ ಕಡೆ ನೋಡಿದೆ. ನಾನು ಬಿಟ್ಟುಹೋದ ವರ್ಷವೇ ಲೆಕ್ಕ ನಿಲ್ಲುತ್ತದೆ. ಅಥವಾ ನಿಲ್ಲದೆ ತಪ್ಪು ನಡೆಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ವಾಕ್ಯವನ್ನು ನಿಜವಾಗಿಸಬಲ್ಲ ಪದಕ್ಕಾಗಿ ಹುಡುಕಿದೆ. 'ಕಾಲಕ್ರಮದಲ್ಲಿ' ಎಂದು ಸೇರಿಸಿ ನೋಡಿದೆ, 'ಸಾಮಾನ್ಯವಾಗಿ' ಎಂದು ಸೇರಿಸಿ ನೋಡಿದೆ. ಪದ ಸೇರಿದಷ್ಟೂ ಪ್ರಮಾಣಪತ್ರ ಪ್ರಮಾಣವಾಗಿ ಉಳಿಯುತ್ತಿರಲಿಲ್ಲ. ಪದ ತೆಗೆದರೆ ಸುಳ್ಳಾಗುತ್ತಿತ್ತು. ಹೊರಗೆ ಮುಖ್ಯಸ್ಥರು ಎರಡು ಬಾರಿ ಕೆಮ್ಮಿದರು, ಅವರಿಗೆ ಹೊಸಪೇಟೆಗೆ ಹೋಗುವುದಿತ್ತು.

ಖಾಲಿ ಹಾಳೆ ಹಿಡಿದು ಅವರೆದುರು ನಿಂತೆ.

"ಬರದ್ರೇನು?"

"ಇಲ್ರಿ."

"ಯಾಕ್ರಿ, ಹೋಗ್ಬೇಕು ಹೋಗ್ಬೇಕು ಅಂತ ಕುಂತಾವ್ರು ನೀವ?"

"ಹೋಗಬೇಕ್ರಿ. ಆದ್ರ ಖರೇ ಅಲ್ಲದ್ದು ಬರ್ಯಾಕ ಬರವಲ್ದು."

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಹಾಸ್ಯ ಮಾಡುತ್ತಿದ್ದೇನೆಯೇ ಎಂದು ಅಂದಾಜು ಮಾಡುತ್ತಿದ್ದಿರಬೇಕು.

"ಅದಕ್ಕ ನೋಡ್ರಿ ಮೇಡಂ," ಎಂದರು ಮೆತ್ತಗೆ, "ನಿಮ್ಮನ್ನ ಬಿಡಾಕ ಆಗವಲ್ದು."

ಸಹಿಗೆಂದು ತೆರೆದಿದ್ದ ಪೆನ್ನಿನ ಮುಚ್ಚಳ ಹಾಕಿ, ಚೀಲ ಹೆಗಲಿಗೇರಿಸಿ ಅವರು ಬಸ್ಸಿಗೆ ಹೊರಟರು.